ನಾಲ್ಕು ದಿನದ ಹನಿ

ಅಗೋ ಬಂತು, ಬಲಕ್ಕೆ, ಸೂಜಿಮೊನೆಯಷ್ಟು ಬೆಳಕು, ಒತ್ತಿದ, ಇನ್ನೊಂದು, ಅದೂ ಬಲಕ್ಕೇ, ಒತ್ತಿದ, ಆಮೇಲೆ ಏನೂ ಇಲ್ಲ, ಬರೀ ಬಿಳುಪು, ದೊಡ್ಡ ಬೋಗುಣಿಯೊಳಗೆ ಮುಖ ಇಟ್ಟು ಕೂತ ಹಾಗೆ, ಎಡಗಣ್ಣಿಗೆ ಪಟ್ಟಿ, ಗದ್ದ ಸ್ಟ್ಯಾಂಡಿನ ಮೇಲೆ, ಕೈಯಲ್ಲೊಂದು ಗುಂಡಿ — ಮಧ್ಯದ ಹಳದಿ ದೀಪಾನೇ ನೋಡ್ತಿರಿ ಅಂಕಲ್, ಸುತ್ತ ಎಲ್ಲಾದ್ರೂ ಚುಕ್ಕಿ ಕಂಡ್ರೆ ಒತ್ತಿ, ಹುಡುಕೋಕೆ ಹೋಗ್ಬೇಡಿ, ಅಲ್ಲಾಡ್ಬೇಡಿ ಎನ್ನುತ್ತಾಳೆ ಪರೀಕ್ಷೆ ಮಾಡುವ ಹುಡುಗಿ, ಅಲ್ಲಾಡಬೇಡಿ ಅಂತೆ, ಮೂವತ್ತೊಂದು ವರ್ಷ ಸಲೂನಿನಲ್ಲಿ ಊರಿನ ಅರ್ಧ ತಲೆಗಳಿಗೆ ಅಲ್ಲಾಡಬೇಡಿ ಎಂದವನು ಇವನು, ಕತ್ತಿ ಕಿವಿಯ ಹಿಂದೆ ಹೋದಾಗ ಎಂತೆಂಥ ದೊಡ್ಡ ಮನುಷ್ಯರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು, ಈಗ ತನ್ನ ಸರದಿ, ಅನುಭವಿಸು ಮಗನೇ. ಯಂತ್ರ ಕಿರ್ ಎಂದಿತು, ಎಲ್ಲೋ ಚುಕ್ಕಿ ಬಂದಿರಬೇಕು, ಕಾಣಲಿಲ್ಲ, ಮತ್ತೆ ಕಿರ್, ಕಾಣಲಿಲ್ಲ, ಮತ್ತೆ ಕಿರ್ — ಸುಮ್ಮನೆ ಒತ್ತಿಬಿಡಲೇ, ಯಾರಿಗೆ ಗೊತ್ತಾಗುತ್ತೆ, ಇಲ್ಲ ಇಲ್ಲ, ಹೋದ ಸಲ ಹಾಗೇ ಮಾಡಿ ಸಿಕ್ಕಿಬಿದ್ದಿದ್ದ, ಅಂಕಲ್, ಕಾಣದೆ ಒತ್ತಿದ್ರೆ ಮಿಷನ್‌ಗೆ ಗೊತ್ತಾಗುತ್ತೆ, ಬೇಕಂತಲೇ ಸದ್ದು ಮಾಡಿ ಚುಕ್ಕಿ ಬಿಡದೆ ನೋಡುತ್ತೆ, ಮೊದಲಿಂದ ಮಾಡೋಣ್ವಾ. ಅಬ್ಬಾ, ಘಾಟಿ ಯಂತ್ರ. ಇದಕ್ಕೆ ಸುಳ್ಳು ಗೊತ್ತಾಗುತ್ತದೆ, ಪಕ್ಕದ ಕೋಣೆಯ ಯಂತ್ರಕ್ಕೆ ಮಾತ್ರ ಗೊತ್ತಾಗಲಿಲ್ಲ.

ಪಕ್ಕದ ಕೋಣೆಯದು ಒತ್ತಡ ನೋಡುವುದು, ಕಣ್ಣು ಮರಗಟ್ಟಿಸಿ ನೀಲಿ ದೀಪ ತಂದು ಮುಟ್ಟಿಸುತ್ತಾರೆ, ಎರಡು ವರ್ಷದ ಕೆಳಗೆ ಇಪ್ಪತ್ತೆಂಟು ಇತ್ತು, ಡಾಕ್ಟರು ಹೇಳಿದ್ದರು — ಗ್ಲಾಕೋಮ ಅಂದ್ರೆ ಕಣ್ಣೊಳಗೆ ನೀರಿನ ಒತ್ತಡ ಏರಿ ಹಿಂದಿನ ನರ ಸವೀತಾ ಹೋಗುತ್ತೆ, ನೋವಿಲ್ಲ, ಏನಿಲ್ಲ, ಗೊತ್ತೇ ಆಗಲ್ಲ, ನಿಮ್ಮ ಎಡಗಣ್ಣು ಆಗ್ಲೇ ಹೋದ ಲೆಕ್ಕ, ಬಲಗಣ್ಣು ಉಳಿಸ್ಕೋಬೇಕು, ಬೆಳಿಗ್ಗೆ ಒಂದು ಹನಿ ಸಂಜೆ ಒಂದು ಹನಿ, ಜೀವ ಇರೋವರೆಗೂ. ಹಾಕಿದ, ಹದಿನೈದು ದಿನ ನಿಷ್ಠೆಯಿಂದ ಹಾಕಿದ, ಕಣ್ಣು ಕೆಂಡವಾಯಿತು, ಕನ್ನಡಿಯಲ್ಲಿ ತನ್ನನ್ನೇ ನೋಡಲಾಗದಷ್ಟು ಕೆಂಪು, ಆವತ್ತು ಕ್ಷೌರಕ್ಕೆ ಬಂದಿದ್ದ ಸ್ಕೂಲ್ ಮೇಷ್ಟ್ರ ಒಂದು ಕೆನ್ನೆ ಬೋಳಿಸಿ ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದ್ದಾಗ ಅವರು ಕನ್ನಡಿಯಲ್ಲಿ ಇವನ ಮುಖ ಕಂಡು ಧಡಕ್ಕನೆ ಎದ್ದರು, ಏನಯ್ಯಾ, ಕಣ್ಣುಬೇನೆ ಇಟ್ಕೊಂಡು ಊರಿಗೆಲ್ಲ ಹಂಚ್ತೀಯಾ, ಅಂಟುರೋಗ ಅಲ್ಲ ಮೇಷ್ಟ್ರೇ, ಔಷಧಿಯಿಂದ ಎಂದರೆ ಯಾರು ಕೇಳುತ್ತಾರೆ, ಟವೆಲಿನಿಂದ ನೊರೆ ಒರೆಸಿಕೊಂಡು ಅರ್ಧ ಗಡ್ಡದಲ್ಲೇ ಬೀದಿಗಿಳಿದರು, ನಗು ಬರಬೇಕಿತ್ತು, ಬರಲಿಲ್ಲ, ಕಾದು ಕೂತಿದ್ದ ಇಬ್ಬರೂ ಪೇಪರ್ ಮಡಿಸಿಟ್ಟು ಎದ್ದು ಹೋದರು. ಮರುದಿನದಿಂದ ಹನಿ ಬಂದ್. ಕಣ್ಣು ಬೆಳ್ಳಗಾಯಿತು, ಮೇಷ್ಟ್ರು ಬಂದರು, ಏನೂ ಆಗಿಲ್ಲ ಎಂಬಂತೆ ಕತ್ತು ಒಪ್ಪಿಸಿ ಕೂತರು. ತಪಾಸಣೆಗೆ ನಾಲ್ಕು ದಿನ ಇದೆ ಎನ್ನುವಾಗ ಅಂಗಡಿಗೆ ಬೀಗ ಹಾಕಿ ಹನಿ ಶುರು, ಪರೀಕ್ಷೆಯ ಹಿಂದಿನ ದಿನ ಪುಸ್ತಕ ಬಿಚ್ಚುವ ಹುಡುಗರ ಹಾಗೆ, ಪಾಸೂ ಆಗುತ್ತಿದ್ದ, ಹದಿನೈದು, ಹದಿನಾಲ್ಕು, ವೆರಿ ಗುಡ್. ಮನೆಯಲ್ಲಿಟ್ಟರೆ ಹಾಕುತ್ತಿಲ್ಲ ಅಂತ ಹೆಂಡತಿಗೆ ತಿಳಿಯುತ್ತದೆಂದು ಬಾಟ್ಲಿ ಅಂಗಡಿಯಲ್ಲೇ, ಆದರೆ ಅವಳೋ, ತಿಂಗಳು ಮುಗಿಯುತ್ತಲೇ ಖಾಲಿ ಬಾಟ್ಲಿ ಕೊಡಿ, ಅದನ್ನ ತೋರಿಸಿ ಹೊಸದು ತರ್ತೀನಿ, ಹಾಗಾಗಿ ಪ್ರತಿ ತಿಂಗಳೂ ಶಟರ್ ಅರ್ಧ ಇಳಿಸಿ ಬಾಟ್ಲಿಯನ್ನು ಬೇಸಿನ್ನಿಗೆ ಹಿಂಡುತ್ತಿದ್ದ, ತೊಟ್ಟು ತೊಟ್ಟಾಗಿ, ಬಿಳಿ ಬೇಸಿನ್ನು, ಅಂಟಿಕೊಂಡ ನಾಲ್ಕು ಕೂದಲು, ಹನಿ ಬಿದ್ದ ಸದ್ದು ಕೂಡ ಇಲ್ಲ — ಕಿರ್, ಕಾಣಲಿಲ್ಲ, ಕಿರ್, ಅಯ್ಯೋ ದೇವರೇ, ಒಂದಾದರೂ ಬರಬಾರದೇ ಎಡಗಡೆ, ಒಂದೇ ಒಂದು. ಆಯ್ತು ಅಂಕಲ್, ಏಳಿ.

ಡಾಕ್ಟರ ಮೇಜಿನ ಮೇಲೆ ಮೂರು ಹಾಳೆ, ಮೂರು ಸಲದ ಚುಕ್ಕಿ ಪರೀಕ್ಷೆಯದು, ಮೂರರಲ್ಲೂ ಒಂದೊಂದು ದುಂಡನೆಯ ಚಿತ್ರ, ಮೊದಲನೆಯದರ ಎಡ ಅಂಚಿನಲ್ಲಿ ಸಣ್ಣ ಕಪ್ಪು, ಎರಡನೆಯದರಲ್ಲಿ ಅಂಗೈಯಷ್ಟು, ಇವತ್ತಿನದರಲ್ಲಿ ಎಡ ಅರ್ಧವೆಲ್ಲ ಕಪ್ಪು, ವಿಚಿತ್ರ, ಅವನಿಗೆ ಎಲ್ಲೂ ಕಪ್ಪು ಕಾಣುವುದೇ ಇಲ್ಲ, ಇಲ್ಲದ ಕಡೆ ಏನೋ ಇದ್ದೇ ಇರುತ್ತದೆ, ಗೋಡೆಯೋ ಬಾಗಿಲೋ, ಕಣ್ಣು ತಾನೇ ತುಂಬಿಕೊಂಡುಬಿಡುತ್ತದೆ. ಒತ್ತಡ ಹದಿನಾಲ್ಕು, ಔಷಧಿ ಚೆನ್ನಾಗಿ ಕೆಲಸ ಮಾಡ್ತಿದೆ, ಆದ್ರೂ ನರ ಸವೀತಿದೆ ಅಂದ್ರೆ ನಿಮಗೆ ಹದಿನಾಲ್ಕೂ ಜಾಸ್ತಿ ಅಂತ, ಆಪರೇಷನ್ ಮಾಡ್ಬೇಕಾಗುತ್ತೆ. ಅಪಾಯ ಇದೆಯಾ ಡಾಕ್ಟ್ರೇ, ಎಡಗಡೆಯಿಂದ ಹೆಂಡತಿಯ ದನಿ. ಸ್ವಲ್ಪ ಇದೆಯಮ್ಮ, ಉಳಿದಿರೋದು ಒಂದೇ ಕಣ್ಣಲ್ವಾ, ಹನಿ ತಪ್ಪದೆ ಹಾಕಿದಾರೆ ತಾನೇ. ಅಯ್ಯೋ, ಒಂದು ದಿನಾನೂ ತಪ್ಪಿಸಿಲ್ಲ ಇವ್ರು, ನೋಡಿ ಬೇಕಾದ್ರೆ — ಬ್ಯಾಗಿನ ಜಿಪ್ಪು ಎಳೆದ ಸದ್ದು, ಇಲ್ಲದ ಕಡೆಯಿಂದ ಒಂದು ಕೈ ಬಂದು ಖಾಲಿ ಬಾಟ್ಲಿಯನ್ನು ಮೇಜಿನ ಮೇಲಿಟ್ಟಿತು, ಎಷ್ಟು ಹೆಮ್ಮೆಯಿಂದ ಇಟ್ಟಿತು, ಮಗುವಿನ ಮಾರ್ಕ್ಸ್‌ಕಾರ್ಡ್ ಇಟ್ಟ ಹಾಗೆ. ಸುಮ್ಮನಿರು, ಆಪರೇಷನ್ ಆಗಿಹೋಗಲಿ, ಯಾರಿಗೂ ತಿಳಿಯುವುದಿಲ್ಲ, ಅಲ್ಲ, ಸುಳ್ಳಿನ ಮೇಲೆ ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳುವುದೇ, ಯಾರದೋ ದನಿಯಂತೆ ತನ್ನ ದನಿ ಕೇಳಿಸಿತು, ನಾನು ಹಾಕ್ಲಿಲ್ಲ ಡಾಕ್ಟ್ರೇ, ಇಲ್ಲಿಗೆ ಬರೋ ನಾಲ್ಕು ದಿನ ಮುಂಚೆ ಮಾತ್ರ, ಮಿಕ್ಕಿದ್ದೆಲ್ಲ ಬೇಸಿನ್ನಿಗೆ ಹಿಂಡಿದೆ.

ಎಷ್ಟು ದಿನದಿಂದ. ಎರಡು ವರ್ಷ, ಕಣ್ಣು ಕೆಂಪಾಗ್ತಿತ್ತು, ಗಿರಾಕಿಗಳು ಹೆದರ್ತಿದ್ರು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಪೆನ್ನಿನ ಮುಚ್ಚಳ ಹಾಕಿ ಹೇಳಿದರು, ಕೆಂಪಾಗುತ್ತೆ ಅಂತ ಒಂದು ಮಾತು ಹೇಳಿದ್ರೆ ಬೇರೆ ಹನಿ ಬರ್ಕೊಡ್ತಿದ್ದೆನಲ್ಲ. ಒಂದು ಮಾತು. ಬೇರೆ ಹನಿ. ಇಷ್ಟೇನಾ. ಇನ್ಮೇಲೆ ದಿನಾ ಹಾಕ್ತೀನಿ, ಈ ಕಪ್ಪು ಹೋಗುತ್ತಾ ಡಾಕ್ಟ್ರೇ — ಹೋದದ್ದು ಬರಲ್ಲ, ಆಪರೇಷನ್ ಸದ್ಯಕ್ಕೆ ಬೇಡ, ಬೇರೆ ಹನಿ ಹಾಕಿ, ಉಳಿದಿರೋದು ಉಳಿಯುತ್ತಾ ನೋಡೋಣ. ಮೇಜಿನ ಮೇಲೆ ಬಾಟ್ಲಿ ಹಾಗೇ ಇದೆ, ಅದನ್ನು ತೆಗೆದುಕೊಳ್ಳಲು ಅವಳ ಕೈ ಬರಲಿಲ್ಲ, ಬೈಗುಳವೂ ಬರಲಿಲ್ಲ, ಒಂದು ಉಸಿರಾದರೂ, ಅಳುತ್ತಿದ್ದಾಳೋ, ದಿಟ್ಟಿಸುತ್ತಿದ್ದಾಳೋ, ಎದ್ದು ಹೋಗಿಬಿಟ್ಟಳೋ, ಕುರ್ಚಿ ಸರಿದ ಸದ್ದಂತೂ ಆಗಲಿಲ್ಲ, ಕತ್ತು ಒಂದಿಷ್ಟು ತಿರುಗಿಸಿದರೆ ಮುಖ ಕಾಣುತ್ತದೆ, ಇಷ್ಟೇ ಇಷ್ಟು, ಸಾವಿರ ಕತ್ತು ತಿರುಗಿಸಿದ ಕೈ ತೊಡೆಯ ಮೇಲೆ ಸತ್ತು ಬಿದ್ದಿದೆ, ತಿರುಗು, ತಿರುಗೋ, ಆಗುತ್ತಿಲ್ಲ, ಎಡಗಡೆ ಅವಳಿರಬೇಕಾದ ಕಡೆ ಕುರ್ಚಿಯಿಲ್ಲ, ಅವಳಿಲ್ಲ, ಗೋಡೆ, ಬರೀ ಬಿಳಿ ಗೋಡೆ