ತಂಗಿ ಕುಟುಂಬದಲ್ಲಿ ಬರುವುದಿಲ್ಲ

ತಾನು ಕೆಲಸಕ್ಕಿದ್ದ, ಕೃತಕ ಕಾಲು ತಯಾರಿಸುವ ಕಾರ್ಯಾಗಾರ ಮುಚ್ಚುತ್ತದೆಂದು ಗೊತ್ತಾದ ಕೆಲವೇ ದಿನಗಳಲ್ಲಿ ಅಕ್ಕನಿಗೆ ಹೊರದೇಶದ ಆಸ್ಪತ್ರೆಯೊಂದರಿಂದ ಕೆಲಸದ ಕರೆ ಬಂತು. ಅಕ್ಕನಿಗೆ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡಾಗ ಇನ್ನೂ ಹಾಲುಹಲ್ಲು ಬೀಳುತ್ತಿದ್ದ ತಂಗಿಯನ್ನು ಬೆಳೆಸಿದವಳು ಅವಳೇ. ತಂಗಿಗೆ ಮನೆಯಲ್ಲೂ ಬೀದಿಯಲ್ಲೂ ಗುಬ್ಬಿ ಎಂದೇ ಹೆಸರು. ಗುಬ್ಬಿ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದಳು. ಹುಟ್ಟಿದಾಗಿನಿಂದ ಅವಳ ಹೃದಯದ ಕವಾಟ ಸರಿಯಿರಲಿಲ್ಲ. ಹಿಂದಿನ ವರ್ಷವಷ್ಟೇ ಡಾಕ್ಟರು ಎದೆ ತೆರೆದು ಅದನ್ನು ಸರಿಪಡಿಸಿದ್ದರು.

ಹೋದರೆ ಇಬ್ಬರೂ ಹೋಗುವುದೆಂದು ಮಾತಾಯಿತು. ಆದರೆ ಆ ದೇಶದಲ್ಲಿ ನೆಲೆಸುವ ಪ್ರತಿಯೊಬ್ಬರಿಗೂ ಆರೋಗ್ಯ ವಿಮೆ ಇರಲೇಬೇಕಿತ್ತು. ಹಾಗಾಗಿ ಅಕ್ಕತಂಗಿಯರು ವಿಮೆ ಏಜೆಂಟರ ಕಚೇರಿಗೆ ಹೋಗಿ ಕೂತರು. ಏಜೆಂಟರು ವಯಸ್ಸಾದ ಹೆಂಗಸು, ಮೆಲುದನಿಯವರು.

"ನಿಮಗೆ ಆಸ್ಪತ್ರೆಯವರೇ ಮಾಡಿಸ್ತಾರೆ. ಹಲ್ಲು, ಕಣ್ಣು ಎಲ್ಲಾ ಸೇರುತ್ತೆ. ಗಂಡ ಮಕ್ಕಳಿದ್ರೆ ಅವರಿಗೂ ಸಿಗುತ್ತೆ," ಎಂದರು. "ತಂಗಿ ಕುಟುಂಬದಲ್ಲಿ ಬರಲ್ಲಮ್ಮ."

"ಸಾಕಿದ್ದು ನಾನೇ. ಮಗಳು ಅಂತ ಅಂದ್ಕೊಳ್ಳಿ."

"ನಾನು ಅಂದ್ಕೋತೀನಿ. ಕಂಪನಿ ಅಂದ್ಕೊಳ್ಳಲ್ಲ."

ಗುಬ್ಬಿಗೆ ಬೇರೆಯೇ ಖಾಸಗಿ ವಿಮೆ ಬೇಕು. ಅದರ ಕಂತಿಗೆ ಅಕ್ಕನ ಹೊಸ ಸಂಬಳದ ಅರ್ಧ ಹೋಗುತ್ತದೆ. ಅಷ್ಟು ಕಟ್ಟಿದರೂ ಮೊದಲೇ ಇದ್ದ ಕಾಯಿಲೆ ಅದರಲ್ಲಿ ಸೇರುವುದಿಲ್ಲ. ಬೇರೆ ಚಿಕಿತ್ಸೆಗೂ ಖರ್ಚಿನ ಮೊದಲ ಒಂದಿಷ್ಟನ್ನು ಕೈಯಿಂದಲೇ ಹಾಕಬೇಕು.

"ಅಂದ್ರೆ ಹೃದಯ ಒಂದನ್ನ ಬಿಟ್ಟು ಮಿಕ್ಕ ನನಗೆ ವಿಮೆ," ಎಂದಳು ಗುಬ್ಬಿ.

ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಆಪರೇಷನ್ ವಿಷಯ ಹೇಳದೇ ಇದ್ರೆ?"

"ಗೊತ್ತಾದ ದಿನ ಪಾಲಿಸಿ ರದ್ದು. ಕಟ್ಟಿದ್ದೂ ಹೋಯ್ತು."

"ಎದೆ ಮೇಲೆ ಗೇಣುದ್ದ ಹೊಲಿಗೆ ಇದೆಯಲ್ಲ ಅಕ್ಕ," ಎಂದಳು ಗುಬ್ಬಿ. "ಅದನ್ನ ಅಚ್ಚಿನ ತಪ್ಪು ಅಂತೀಯಾ?"

ಅಕ್ಕನ ಮುಖ ನೋಡಲಾರದೆ ಏಜೆಂಟರು ಇನ್ನಷ್ಟು ಹುಡುಕಿದರು. ಒಂದು ಕಂಪನಿ ಇತ್ತು. ಆಪರೇಷನ್ ಆಗಿ ಎರಡು ವರ್ಷ ಹೃದಯಕ್ಕೆಂದು ಆಸ್ಪತ್ರೆ ಸೇರದಿದ್ದರೆ, ಹೊಸ ಚಿಕಿತ್ಸೆ ಪಡೆಯದಿದ್ದರೆ, ಸ್ವಲ್ಪ ಹೆಚ್ಚು ಕಂತಿಗೆ ಹೃದಯವನ್ನೂ ಸೇರಿಸಿಕೊಳ್ಳುತ್ತಿತ್ತು. ಒಂದು ವರ್ಷ ಆಗಲೇ ಕಳೆದಿತ್ತು.

"ನೀನು ಮೊದಲು ಹೋಗು. ನಾನು ಒಂದು ವರ್ಷ ಬಾಯಿಮುಚ್ಚಿಕೊಂಡು ಚೆನ್ನಾಗಿರ್ತೀನಿ," ಎಂದಳು ಗುಬ್ಬಿ. ಅಕ್ಕ ಒಲ್ಲೆ ಎಂದಳು, ಅತ್ತಳು, ಕೊನೆಗೆ ಹೊರಟಳು.

ಹೊಸ ಊರಿನಲ್ಲಿ ಅಕ್ಕನಿಗೆ ಸಿಕ್ಕಿದ್ದು ಒಂದು ಕಿಟಕಿಯ ಕೋಣೆ. ಗೋಡೆಗೆ ಒತ್ತಿ ಒಂದು ಮಂಚ ಹಾಕಿದಳು, ಎದುರಿಗೆ ಇನ್ನೊಂದನ್ನು ತಂದಿಟ್ಟಳು. ಹಗಲೆಲ್ಲ ಅಚ್ಚು ತೆಗೆದು, ಉಜ್ಜಿ, ಯಾರದೋ ಮೊಳಕಾಲಿಗೆ ಕಾಲು ಕೂಡಿಸುವ ಕೆಲಸ. ಅವಳ ವಿಮೆಯಲ್ಲಿ ಹಲ್ಲು ಶುಚಿ ಮಾಡಿಸಿಕೊಳ್ಳುವುದೂ ಪುಕ್ಕಟೆ. ಆ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಾಗ ಕಣ್ಣೀರು ಕಿವಿಗಿಳಿಯಿತು. ನೋವಾಯಿತೇ ಎಂದು ದಂತವೈದ್ಯ ಕೇಳಿದ.

ಫೋನಿನಲ್ಲಿ ಮೊದಲ ಮಾತು ಒಂದೇ: "ಉಸಿರಾಟ ಹೇಗಿದೆ ಕಣೇ?"

"ಬರ್ತಾ ಇದೆ, ಹೋಗ್ತಾ ಇದೆ," ಎನ್ನುತ್ತಿದ್ದಳು ಗುಬ್ಬಿ. ಬರಬರುತ್ತಾ ಫೋನಿನಲ್ಲಿ ಅವಳ ಮಾತು ಚುಟುಕಾಯಿತು. ಕೆಲಸದ ದಣಿವು ಎಂದಳು. ಅಕ್ಕ ನಂಬಿದಳು.

ವರ್ಷ ತುಂಬಲು ಇನ್ನು ಸ್ವಲ್ಪವೇ ಇದೆ ಎನ್ನುವಾಗ ಎದುರುಮನೆಯ ಟೀಚರಮ್ಮ ಫೋನ್ ಮಾಡಿದರು. ಮುದ್ರಣಾಲಯದ ಮೆಟ್ಟಿಲ ಮೇಲೆ ಗುಬ್ಬಿ ಕುಸಿದು ಬಿದ್ದಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಕ್ಕ ಬಂದು ತಲುಪಿದಾಗ ಮನೆಯಲ್ಲಿ ಗುಬ್ಬಿ ಇರಲಿಲ್ಲ, ಅವಳ ದೇಹವೂ ಇರಲಿಲ್ಲ; ಸಂಸ್ಕಾರ ಆಗಲೇ ಮುಗಿದಿತ್ತು. ಬೀಗದ ಕೈ ಕೊಟ್ಟ ಟೀಚರಮ್ಮ ಬಾಗಿಲಲ್ಲೇ ನಿಂತರು.

"ಕಾಲು ಊದಿಕೊಂಡಿತ್ತಮ್ಮ. ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ. ನಡಿ, ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ ಅಂದೆ. ಹೋದ್ರೆ ದಾಖಲಾಗುತ್ತೆ, ಮತ್ತೆ ಮೊದಲಿಂದ ಎರಡು ವರ್ಷ ಎಣಿಸಬೇಕು, ಅಕ್ಕ ಒಬ್ಬಳೇ ಇದ್ದಾಳೆ ಅಂತ ಹೇಳಿಬಿಟ್ಲು."

"ನನಗೊಂದು ಮಾತು ಹೇಳಬಾರದಿತ್ತಾ ನೀವು?"

"ಆಣೆ ಹಾಕಿಸ್ಕೊಂಡಿದ್ಲು." ಟೀಚರಮ್ಮ ಬಾಗಿಲ ಚೌಕಟ್ಟಿಗೆ ಒರಗಿದರು. "ಆಣೆ ಮುರಿದಿದ್ರೆ ಇವತ್ತು ಇರ್ತಿದ್ಲೇನೋ."

ಅಕ್ಕ ಅವರನ್ನು ಬೈಯಲಿಲ್ಲ. ಕೈ ಹಿಡಿದು ಒಳಗೆ ಕೂರಿಸಿ ನೀರು ಕೊಟ್ಟಳು.

ಅವರು ಹೋದಮೇಲೆ ಮಲಗುವ ಕೋಣೆಗೆ ಬಂದಳು. ಮಂಚದ ತಲೆದೆಸೆಯಲ್ಲಿ ಮನೆಯ ದಿಂಬುಗಳೆಲ್ಲ ಒಂದರ ಮೇಲೊಂದು ಪೇರಿಸಿದ್ದವು, ಅವುಗಳ ಮೇಲೆ ಸುತ್ತಿದ ಕಂಬಳಿ. ಮಲಗಿದರೆ ಉಸಿರು ಸಿಗದೆ ಗುಬ್ಬಿ ಕೂತೇ ನಿದ್ದೆ ಮಾಡುತ್ತಿದ್ದಳು. ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಪಕ್ಕ ಕೂತು ರಾತ್ರಿಗಳನ್ನು ಕಳೆದಿದ್ದ ಅಕ್ಕನಿಗೆ ಅದರ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಕಂಬಳಿ ಬಿಚ್ಚಲಿಲ್ಲ, ದಿಂಬು ಇಳಿಸಲಿಲ್ಲ. ಅವಕ್ಕೆ ಬೆನ್ನು ಕೊಟ್ಟು, ತಂಗಿ ಕೂತ ಹಾಗೆಯೇ ಕೂತು, ಕಣ್ಣು ಮುಚ್ಚಿದಳು.