ಮಕರದ ಬಾಗಿಲು

ರಾಮಮೂರ್ತಿಗಳಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಜನ ಹೇಳುತ್ತಿದ್ದುದು ಅವರ ಮೇಲಿನ ದಾಕ್ಷಿಣ್ಯಕ್ಕೆ. ಅಷ್ಟು ಕೋಪಕ್ಕೆ ಒಂದು ಮೂಗು ಎಲ್ಲಿ ಸಾಕಾಗಬೇಕು? ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಕೂತವರು ಅವರು. ಕೈಗಡಿಯಾರದ ಹಲ್ಲುಚಕ್ರ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ವಾಪಸ್. ಸರಿ ಇದ್ದರೆ ಮಾತ್ರ ಪಾಸ್. ಮನೆಯಲ್ಲಿ ಅವರ ಹೆಂಡತಿ ಅನುಸೂಯಾ ಸಾರು ಬಡಿಸಿ, ಸೊಂಟಕ್ಕೆ ಕೈಯಿಟ್ಟು ನಿಂತು, "ಪಾಸಾ, ವಾಪಸ್ಸಾ?" ಎಂದು ಕೇಳುತ್ತಿದ್ದರು. ಮೂವತ್ತೆಂಟು ವರ್ಷ ಕೇಳಿದರು. ಇವರು ಒಂದು ದಿನವೂ ನಗದೆ "ಉಪ್ಪು ಒಂದು ಕಾಳು ಮುಂದು" ಎನ್ನುತ್ತಿದ್ದರು.

ಆ ಅನುಸೂಯಾ, ಗಂಡನ ಜೊತೆ ಅಮೆರಿಕದ ಮಗಳ ಮನೆಗೆ ಬಂದಿದ್ದಾಗ, ಹೋದ ವರ್ಷ ಡಿಸೆಂಬರ್ ಇಪ್ಪತ್ತೇಳಕ್ಕೆ ಆಸ್ಟಿನ್ನಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ತೀರಿಕೊಂಡರು ಅನ್ನುವುದಕ್ಕಿಂತ ಕಳಿಸಿಕೊಟ್ಟರು ಅನ್ನಬೇಕು. ಮಿದುಳಿನಲ್ಲಿ ರಕ್ತನಾಳ ಒಡೆದು ಹದಿಮೂರು ದಿನ ಯಂತ್ರದ ಉಸಿರಿನಲ್ಲಿದ್ದರು. ಇನ್ನು ಎಚ್ಚರವಾಗುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಯಂತ್ರ ನಿಲ್ಲಿಸುವ ಕಾಗದಕ್ಕೆ ರಾಮಮೂರ್ತಿಗಳೇ ಸಹಿ ಹಾಕಿದರು. ಹ್ಯೂಸ್ಟನ್ನಿನಿಂದ ಬಂದಿದ್ದ ಅನುಸೂಯಾರ ಅಕ್ಕ ಲಲಿತಮ್ಮ ಕೈ ಹಿಡಿದು ಕೇಳಿಕೊಂಡಿದ್ದರು. "ಸಂಕ್ರಾಂತಿವರೆಗೂ ತಡೀರಿ. ಇನ್ನು ಹದಿನೆಂಟೇ ದಿನ. ಉತ್ತರಾಯಣ ಪುಣ್ಯಕಾಲದಲ್ಲಿ ಹೋಗಲಿ ನನ್ನ ತಂಗಿ."

"ಪಂಚಾಂಗ ನೋಡಿ ನಳಿಕೆ ತೆಗೀತಾರಾ ಅಕ್ಕ?" ಎಂದು ರೇಗಿ ಸಹಿ ಮಾಡಿದ್ದರು.

ಸಹಿ ಮಾಡಿದ್ದು ಸರಿ ಎಂದು ಅವರಿಗೆ ಗೊತ್ತು. ಪುಣ್ಯಕಾಲ, ದಕ್ಷಿಣಾಯನ ಇವನ್ನೆಲ್ಲ ಅವರು ನಂಬುವವರೂ ಅಲ್ಲ. ಆದರೂ ಆ ಹದಿನೆಂಟು ದಿನ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒಂದು ವರ್ಷ ಒತ್ತುತ್ತಲೇ ಇತ್ತು. ಲಲಿತಮ್ಮ ಫೋನ್ ಮಾಡಿದಾಗಲೆಲ್ಲ ಕೊನೆಗೆ ಒಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿನಲ್ಲಿ ಹದಿನೆಂಟು ದಿನವೂ ಲೆಕ್ಕವಾಗಿ ಕೇಳುತ್ತಿತ್ತು.

ಆಮೇಲೆ ಆಸ್ಟಿನ್ನಿನ ಪಕ್ಕದ ಫ್ಲೂಗರ್‌ವಿಲ್‌ನ ಮಗಳ ಮನೆಯಲ್ಲೇ ಉಳಿದರು. ಕೈಗೆ ಕೆಲಸವಿಲ್ಲ. ಈ ದೇಶದಲ್ಲಿ ಗಡಿಯಾರ ಕೆಟ್ಟರೆ ಬಿಸಾಡುತ್ತಾರೆ, ಮಿಕ್ಸಿ ಕೆಟ್ಟರೂ ಬಿಸಾಡುತ್ತಾರೆ. ಡಿಶ್‌ವಾಷರ್ ಬಿಚ್ಚಲು ಹೋಗಿ ಮಗಳು ಪ್ರಗತಿಯಿಂದ ಬೈಸಿಕೊಂಡಿದ್ದೂ ಆಯಿತು. ಅವಳು ಭಾನುವಾರ ಮಧ್ಯಾಹ್ನ ಒಂದು ಹಳೆಯ ಚರ್ಚಿನ ಹಾಲ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಆ ಮಕ್ಕಳು "ಅ ಆ ಇ ಈ" ಹೇಳಿ ಮುಗಿಸುವ ತನಕ ರಾಮಮೂರ್ತಿಗಳು ಪಕ್ಕದ ಪ್ರಾರ್ಥನಾ ಮಂದಿರದ ಹಿಂದಿನ ಬೆಂಚಿನಲ್ಲಿ ಕೂತು ಜಗತ್ತನ್ನು ಬೈಯುತ್ತಿದ್ದರು.

ಗಡಿಯಾರ ಕಣ್ಣಿಗೆ ಬಿದ್ದದ್ದು ಅಲ್ಲಿಯೇ.

ಗೋಡೆಯ ಅರ್ಧದಷ್ಟು ಎತ್ತರವಿತ್ತು. ಮುನ್ನೂರು ವರ್ಷದ ಹಿಂದೆ ಜರ್ಮನಿಯ ಯಾವುದೋ ಊರಿನ ಚರ್ಚಿಗೆ ಮಾಡಿದ್ದಂತೆ. ಅಲ್ಲಿಂದ ಟೆಕ್ಸಸ್‌ಗೆ ವಲಸೆ ಬಂದವರು ಬಿಚ್ಚಿ, ಮರದ ಪೆಟ್ಟಿಗೆಗಳಲ್ಲಿ ತುಂಬಿ, ಹಡಗಿನಲ್ಲಿ ತಂದಿದ್ದರು. ಗಂಟೆ ತೋರಿಸುವುದು ಅದಕ್ಕೆ ಉಪಕಸುಬು ಅಷ್ಟೇ. ಹೊರಗೆ ತಾರೀಖಿನ ಬಳೆ, ಅದರೊಳಗೆ ಹನ್ನೆರಡು ರಾಶಿಗಳ ಬಳೆ, ಅದರ ಮೇಲೆ ಚಿನ್ನದ ಮುಖದ ಸೂರ್ಯ, ಅರ್ಧ ಕಪ್ಪು ಅರ್ಧ ಬಿಳಿ ಚಂದ್ರ. ಏಡಿ, ಸಿಂಹ, ತಕ್ಕಡಿ, ಚೇಳು, ಬಿಲ್ಲುಗಾರ. ರಾಮಮೂರ್ತಿಗಳು ಒಂದೊಂದನ್ನೇ ಗುರುತು ಹಿಡಿದರು. ಮಕರ ಮಾತ್ರ ನಮ್ಮ ಮೊಸಳೆಯಂಥದ್ದಲ್ಲ, ಮೀನಿನ ಬಾಲದ ಮೇಕೆ. ಮೇಕೆಯ ತಲೆಯ ಮೇಲೆ ಅಂಗೈಯಗಲದ ಒಂದು ಬಾಗಿಲು, ಮುಚ್ಚಿತ್ತು.

ಎಲ್ಲ ನಿಂತು ಮೂರು ವರ್ಷವಾಗಿತ್ತು. ಡಾಲಸ್‌ನಲ್ಲಿದ್ದ ತಜ್ಞನಿಗೆ ಮುಂದಿನ ಆಗಸ್ಟ್‌ವರೆಗೆ ಬಿಡುವಿರಲಿಲ್ಲ. "ನೀವು ಗಡಿಯಾರದವರಂತೆ, ಒಮ್ಮೆ ನೋಡುತ್ತೀರಾ?" ಎಂದು ಪಾಸ್ಟರ್ ಹೈಡಿ ಕೇಳಿದಾಗ ರಾಮಮೂರ್ತಿಗಳು ಕೋಟು ಬಿಚ್ಚಿ ಬೆಂಚಿನ ಮೇಲಿಟ್ಟು ಏಣಿ ಹತ್ತಿಬಿಟ್ಟರು.

ಎರಡು ತಿಂಗಳು ಹಿಡಿಯಿತು. ಗಟ್ಟಿಯಾದ ಹಳೆಯ ಎಣ್ಣೆ ಕೆರೆದರು, ಸವೆದ ಒಂದು ಪಿನ್ನನ್ನು ಹಿತ್ತಾಳೆಯಲ್ಲಿ ತಾವೇ ಅರ ಹಾಕಿ ಮಾಡಿದರು. ನವೆಂಬರ್ ಇಪ್ಪತ್ತೈದಕ್ಕೆ ಲೋಲಕ ತೂಗಿತು. ರಾಮಮೂರ್ತಿಗಳು ಏಣಿಯ ಮೇಲೇ ನಿಂತು ಅತ್ತರು. ಯಾರಾದರೂ ನೋಡಿಯಾರು ಅಂತ ಅದಕ್ಕೂ ಸಿಟ್ಟು ಬಂತು.

ತಾಪತ್ರಯ ಶುರುವಾದದ್ದು ಆಮೇಲೆ. ತಾರೀಖಿನ ಬಳೆಯನ್ನು ಆ ದಿನಕ್ಕೆ ತಿರುಗಿಸಿದರೆ ಸೂರ್ಯ ಹೋಗಿ ಬಿಲ್ಲುಗಾರನ ಮನೆಯಲ್ಲಿ ನಿಂತ. ಧನುಸ್ಸು! ಧನುರ್ಮಾಸಕ್ಕೆ ಇನ್ನೂ ಮೂರು ವಾರವಿತ್ತು. ಫೋನಿನಲ್ಲಿ ಪಂಚಾಂಗ ತೆಗೆದು ನೋಡಿದರು. ಸೂರ್ಯ ವೃಶ್ಚಿಕದಲ್ಲಿ. ಅಳೆದರು, ಇಪ್ಪತ್ತನಾಲ್ಕು ಡಿಗ್ರಿ ಮುಂದು. ಕೂದಲೆಳೆಗೆ ವಾಪಸ್ ಮಾಡಿದ ಮನುಷ್ಯ ಇಪ್ಪತ್ತನಾಲ್ಕು ಡಿಗ್ರಿ ಹೇಗೆ ಸಹಿಸಿಯಾರು? ಹಿಂದಿನ ಯಾವನೋ ಬೇಜವಾಬ್ದಾರಿಯವನು ತಪ್ಪಾಗಿ ಜೋಡಿಸಿದ್ದಾನೆ ಎಂದು ತೀರ್ಮಾನಿಸಿ, ಸೂರ್ಯನ ಕಡ್ಡಿ ಹಿಡಿದ ಸ್ಕ್ರೂ ಸಡಿಲಿಸಿ, ಅಷ್ಟೂ ಹಿಂದಕ್ಕೆ ತಳ್ಳಿ ಬಿಗಿದರು. ಯಾರನ್ನೂ ಕೇಳಲಿಲ್ಲ. ಕೇಳಿ ಮಾಡುವುದು ಅವರ ಜಾಯಮಾನವಲ್ಲ. ಜನ್ಮವಿಡೀ ಪಂಚಾಂಗವನ್ನು ಬೈದ ತಾನು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ ಅನ್ನುವುದು ಅವರಿಗೆ ಹೊಳೆಯಲೂ ಇಲ್ಲ.

"ಡಿಸೆಂಬರ್ ಇಪ್ಪತ್ತೊಂದು, ಭಾನುವಾರ, ಹನ್ನೆರಡೂವರೆಗೆ ಬನ್ನಿ. ಎಲ್ಲರೂ ಗಡಿಯಾರದ ಮುಂದೆ ಸೇರುತ್ತೇವೆ. ಮನೆಯವರನ್ನೂ ಕರೆತನ್ನಿ," ಎಂದು ಪಾಸ್ಟರ್ ಹೇಳಿದರು.

ನಮ್ಮ ಜನಕ್ಕೆ ಇಷ್ಟು ಹೇಳಿದರೆ ಏನರ್ಥವಾಗುತ್ತದೆ? ಸನ್ಮಾನ. ಶಾಲು, ಹಾರ, ಫಲತಾಂಬೂಲ. ಚರ್ಚಿನವರು ಹಾರ ಹಾಕಲಿಕ್ಕಿಲ್ಲ, ಒಂದು ಚೌಕಟ್ಟು ಹಾಕಿದ ಪತ್ರವಾದರೂ ಕೊಟ್ಟಾರು ಎಂದು ರಾಮಮೂರ್ತಿಗಳು ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡರು. ಚಾಂದ್ರಮಾನದ ಲೆಕ್ಕದಲ್ಲಿ ಈ ಸಲ ಹದಿನಾರಕ್ಕೇ ಬಿದ್ದ ಅನುಸೂಯಾರ ವರ್ಷದ ತಿಥಿಗೆಂದು ಬಂದ ಲಲಿತಮ್ಮ ಇನ್ನೂ ಪ್ರಗತಿಯ ಮನೆಯಲ್ಲೇ ಇದ್ದರು. ಅವರನ್ನೂ ಹೊರಡಿಸಿದರು. ಈ ಹೆಂಗಸಿನ ಕಣ್ಣೆದುರು ಒಮ್ಮೆಯಾದರೂ ತಾನು ಸರಿ ಎನಿಸಿಕೊಳ್ಳಬೇಕು ಎಂಬ ಹಟ ಬಾಯಿಗೆ ಬರಲಿಲ್ಲ, ಹೊಟ್ಟೆಯಲ್ಲಿತ್ತು.

ಐವತ್ತು ಅರವತ್ತು ಜನ ಕೈಯಲ್ಲಿ ಹಚ್ಚದ ಮೇಣದ ಬತ್ತಿ ಹಿಡಿದು ನಿಂತಿದ್ದರು. ಯಾರೂ ರಾಮಮೂರ್ತಿಗಳನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಮೇಕೆಯ ತಲೆಯ ಮೇಲಿನ ಬಾಗಿಲ ಮೇಲೆ. ವರ್ಷಕ್ಕೊಂದೇ ಸಲ, ಸೂರ್ಯ ಮೇಕೆಯ ತಲೆ ಮುಟ್ಟಿದ ದಿನದ ಮಧ್ಯಾಹ್ನ ಆ ಬಾಗಿಲು ತೆರೆದು, ಮರದ ಮಗುವೊಂದು ದೀಪ ಹಿಡಿದು ಹೊರಬರುತ್ತದಂತೆ. ಅದು ಬಂದ ಮೇಲೆ ಇವರು ಬತ್ತಿ ಹಚ್ಚುವುದು. ಮೂರು ವರ್ಷದಿಂದ ಹಚ್ಚಿರಲಿಲ್ಲ.

ಗಂಟೆ ಹೊಡೆಯಿತು. ಚಕ್ರಗಳು ಕಿರ್ ಎಂದವು. ಬಾಗಿಲು ಮಿಸುಕಲಿಲ್ಲ.

ಜನ ಕಾದರು. ಒಬ್ಬ ಮುದುಕಿ ಬತ್ತಿಯನ್ನು ಚೀಲಕ್ಕೆ ಹಾಕಿಕೊಂಡಳು. ಪಾಸ್ಟರ್ ನಗುತ್ತ ಬಂದು, "ಪರವಾಗಿಲ್ಲ, ಗಡಿಯಾರ ನಡೆಯುತ್ತಿದೆಯಲ್ಲ, ಅಷ್ಟೇ ಸಾಕು," ಎಂದರು. ಬೈದಿದ್ದರೆ ರಾಮಮೂರ್ತಿಗಳು ತಿರುಗಿ ಬೈಯುತ್ತಿದ್ದರು. ಪರವಾಗಿಲ್ಲ ಅಂದರೆ ಏನು ಮಾಡುವುದು? ಕಿವಿ ಕೆಂಪಗಾಯಿತು.

ಅಲ್ಲಿದ್ದವರಲ್ಲಿ ಅವರ ಪರ ನಿಂತದ್ದು ಒಬ್ಬರೇ, ಲಲಿತಮ್ಮ. "ನೀವು ಸರಿಯಾಗೇ ಇಟ್ಟಿದ್ದೀರಿ ಬಿಡಿ," ಎಂದರು ಗಟ್ಟಿಯಾಗಿ. "ಸೂರ್ಯ ಧನುಸ್ಸಿನಲ್ಲಿದ್ದಾನೆ. ಸಂಕ್ರಾಂತಿಗೆ ಇನ್ನೂ ಇಪ್ಪತ್ತನಾಲ್ಕು ದಿನ ಇದೆ. ಈಗಲೇ ಮಕರದ ಬಾಗಿಲು ತೆಗಿ ಅಂದ್ರೆ ಹೇಗೆ ತೆಗೆಯುತ್ತೆ?"

ತಾನು ಸರಿ ಎಂದು ಆ ಬಾಯಿಂದ ಬರಲಿ ಎಂದು ಒಂದು ವರ್ಷ ಕಾದಿದ್ದರು. ಬಂತು, ಈ ರೂಪದಲ್ಲಿ ಬಂತು. ರಾಮಮೂರ್ತಿಗಳಿಗೆ ಗಡಿಯಾರಕ್ಕೇ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಸಿಟ್ಟೆಲ್ಲ ಪಾಸ್ಟರ್ ಮೇಲೆ ಹರಿಯಿತು. "ನಿಮ್ಮ ಗಡಿಯಾರವೇ ತಪ್ಪು. ಸೂರ್ಯ ಇವತ್ತು ಮಕರದಲ್ಲಿಲ್ಲ. ಆಕಾಶ ನೋಡಿ!"

"ಆಕಾಶ ನೋಡಲು ನನಗೆ ಬರುವುದಿಲ್ಲ. ನೆಲ ನೋಡಲು ಬರುತ್ತದೆ," ಎಂದು ಪಾಸ್ಟರ್ ಅವರನ್ನು ದಕ್ಷಿಣದ ಕಿಟಕಿಯ ಕಡೆ ಕರೆದೊಯ್ದರು. ನೆಲದ ಕಲ್ಲಿನಲ್ಲಿ ಒಂದು ಗೆರೆ ಕೊರೆದಿತ್ತು. ಕಿಟಕಿಯಿಂದ ಬಿದ್ದ ಮಧ್ಯಾಹ್ನದ ಬಿಸಿಲು ಸರಿಯಾಗಿ ಆ ಗೆರೆಯ ತನಕ ಬಂದು ನಿಂತಿತ್ತು. "ವರ್ಷದಲ್ಲಿ ಬಿಸಿಲು ಇಷ್ಟು ಒಳಗೆ ಬರುವುದು ಈ ದಿನಗಳಲ್ಲಿ ಮಾತ್ರ. ಇದನ್ನು ದಾಟಿ ಎಂದೂ ಬಂದಿಲ್ಲ. ಇವತ್ತು ಅತಿ ಚಿಕ್ಕ ಹಗಲು. ಇನ್ನು ಸೂರ್ಯ ಉತ್ತರಕ್ಕೆ ಹೊರಟ. ಬಾಗಿಲು ತೆರೆಯುವುದು ಅದಕ್ಕೆ."

ರಾಮಮೂರ್ತಿಗಳು ಬಗ್ಗಿ ನೋಡಿದರು. ಹಾಗೇ ಬಗ್ಗಿ ನಿಂತುಬಿಟ್ಟರು.

ಇದು ಅವರಿಗೆ ಗೊತ್ತಿರಲಿಲ್ಲವೇ? ಹೈಸ್ಕೂಲಿನ ಭೂಗೋಳದಲ್ಲಿ ಓದಿದ್ದರು. ಮನೆಯ ಪಂಚಾಂಗದಲ್ಲಿ ಜನವರಿಯ ಸಂಕ್ರಾಂತಿಯನ್ನೂ ನೋಡಿದ್ದರು. ಎರಡೂ ಗೊತ್ತಿತ್ತು. ಎರಡನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಮಾತಾಡಿಸಿರಲಿಲ್ಲ, ಅಷ್ಟೇ. ಪ್ರಗತಿ ಫೋನ್ ನೋಡುತ್ತ ಮೆಲ್ಲಗೆ ಓದಿ ಹೇಳಿದಳು. "ಅಪ್ಪ, ಒಂದು ಸಾವಿರದ ಏಳುನೂರು ವರ್ಷದ ಹಿಂದೆ ಎರಡೂ ಒಂದೇ ದಿನ ಬರ್ತಿತ್ತಂತೆ. ಆಮೇಲೆ ಎಪ್ಪತ್ತು ವರ್ಷಕ್ಕೊಂದು ದಿನದ ಹಾಗೆ ದೂರ ಆಗ್ತಾ ಹೋಯ್ತು. ನಾವು ನಕ್ಷತ್ರ ನೋಡಿಕೊಂಡು ರಾಶಿ ಲೆಕ್ಕ ಹಾಕ್ತೀವಿ, ಇವರು ಸೂರ್ಯ ತಿರುಗೋದನ್ನ ನೋಡ್ತಾರೆ. ಯಾರದ್ದೂ ತಪ್ಪಲ್ಲಪ್ಪ."

"ನಾನು ಕೈ ಹಾಕಿದ್ದು ತಪ್ಪು," ಎಂದರು ರಾಮಮೂರ್ತಿಗಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಾಗಿತ್ತು. ಬಿಳಿ ಅಂಗಿಯಲ್ಲೇ ಏಣಿ ಹತ್ತಿದರು. ಸ್ಕ್ರೂ ಸಡಿಲಿಸಿ, ಸೂರ್ಯನನ್ನು ಇಪ್ಪತ್ತನಾಲ್ಕು ಡಿಗ್ರಿ ಮುಂದಕ್ಕೆ ತಂದರು. ಬಾಗಿಲ ಕೊಕ್ಕೆ ಕಳಚಿ ಟಕ್ ಎಂದಿತು. ಅವರು ಚಕ್ರಗಳ ಹಿಂದಿನ ಕತ್ತಲೆಯಲ್ಲಿದ್ದರು, ಮಗು ಕಾಣಲಿಲ್ಲ. ಕೆಳಗೆ ಜನ ಹೋ ಎಂದದ್ದು ಕೇಳಿತು, ಬೆಂಕಿಕಡ್ಡಿ ಗೀರಿದ್ದು ಕೇಳಿತು.

ಆ ಕತ್ತಲೆಯಲ್ಲಿ ಲೆಕ್ಕ ತಾನಾಗಿ ತಲೆಗೆ ಬಂತು. ಸೂರ್ಯ ತಿರುಗುವುದು ಇಪ್ಪತ್ತೊಂದಕ್ಕೆ. ಅವಳು ಹೋದದ್ದು ಇಪ್ಪತ್ತೇಳಕ್ಕೆ.

ಕಾರಿನಲ್ಲಿ ಅದನ್ನು ಮೆತ್ತಗೆ ಹೇಳಬಹುದಿತ್ತು. ಮೆತ್ತಗೆ ಹೇಳುವುದು ಅವರಿಗೆ ಬರಬೇಕಲ್ಲ. "ನೋಡಿದ್ರಲ್ಲ ಅಕ್ಕ? ಬಿಸಿಲು ತಿರುಗಿದ್ದು ಇವತ್ತು. ಹೋದ ವರ್ಷವೂ ಇದೇ ದಿನ ತಿರುಗಿತ್ತು. ಆರು ದಿನ ಆದ ಮೇಲೆ ನಾನು ಸಹಿ ಹಾಕಿದ್ದು. ಹದಿನೆಂಟು ದಿನ ಹದಿನೆಂಟು ದಿನ ಅಂತ ವರ್ಷವಿಡೀ ನನ್ನ ಪ್ರಾಣ ತಿಂದ್ರಲ್ಲ!"

ಲಲಿತಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು. "ಚರ್ಚಿನ ಗಡಿಯಾರ ನೋಡಿ ನನ್ನ ತಂಗಿಯ ಪುಣ್ಯಕಾಲ ಲೆಕ್ಕ ಹಾಕ್ತೀರಾ ರಾಮಮೂರ್ತಿ?" ಎಂದರು. ಮರುದಿನ ಬೆಳಗಿನ ಬಸ್ಸಿಗೆ ಹ್ಯೂಸ್ಟನ್ನಿಗೆ ಹೊರಟುಹೋದರು. ರಾಮಮೂರ್ತಿಗಳು ಬಾಗಿಲವರೆಗೂ ಬರಲಿಲ್ಲ. ಬಂದಿದ್ದರೆ ಇನ್ನೇನೋ ಅಂದುಬಿಡುತ್ತಿದ್ದರು.

ಇಪ್ಪತ್ತೇಳಕ್ಕೆ ಮಧ್ಯಾಹ್ನ ಫೋನ್ ಬಂತು.

"ರಾಮಮೂರ್ತಿ, ನಮ್ಮ ಅಡುಗೆಮನೆ ಕಿಟಕಿಯೂ ದಕ್ಷಿಣಕ್ಕೇ ಇರೋದು," ಎಂದರು ಲಲಿತಮ್ಮ, ಹೇಗಿದ್ದೀರಿ ಗೀಗಿದ್ದೀರಿ ಏನೂ ಇಲ್ಲದೆ. "ಬಂದ ದಿನವೇ, ಹನ್ನೆರಡೂವರೆಗೆ, ಬಿಸಿಲು ಎಲ್ಲಿವರೆಗೆ ಬರುತ್ತೋ ಅಲ್ಲಿ ಕುಂಕುಮದಲ್ಲಿ ಒಂದು ಗೆರೆ ಎಳೆದೆ. ದಿನಾ ಅದೇ ಹೊತ್ತಿಗೆ ನೋಡಿದೆ. ಮೂರು ನಾಲ್ಕು ದಿನ ಅಲ್ಲೇ ನಿಂತಿತ್ತು. ಇವತ್ತು ಹಿಂದೆ ಸರಿದಿದೆ."

"ಎಷ್ಟು?"

"ಒಂದು ನೂಲು."

ಒಂದು ನೂಲು. ಬಡಗಿಯವರ ಅಳತೆ, ಅಕ್ಕಿಕಾಳಿನ ದಪ್ಪ. ಬಿಸಿಲಿನ ಅಂಚು ಎಷ್ಟು ಮಸುಕು ಎಂದು ರಾಮಮೂರ್ತಿಗಳಿಗೆ ಗೊತ್ತಿತ್ತು. ಆ ಮಸುಕಿನಲ್ಲಿ ಒಂದು ನೂಲನ್ನು ಯಾವ ಕಣ್ಣೂ ಹಿಡಿಯಲಾರದು, ಎಪ್ಪತ್ತೆರಡು ವರ್ಷದ, ಪೊರೆ ತೆಗೆಸಿದ ಕಣ್ಣಂತೂ ಇಲ್ಲವೇ ಇಲ್ಲ. ಇಂಥ ಅಳತೆ ತಂದವರನ್ನು ಇಪ್ಪತ್ತೊಂಬತ್ತು ವರ್ಷ ಮೇಜಿನ ಮುಂದಿನಿಂದಲೇ ಓಡಿಸಿದ್ದರು.

"ಸರಿಯಾಗಿ ನೋಡಿದ್ರಾ ಅಕ್ಕ?"

"ನೆಲಕ್ಕೆ ಮಂಡಿಯೂರಿ ನೋಡಿದೆ," ಎಂದರು ಲಲಿತಮ್ಮ. ದನಿ ಒಡೆಯಿತು. ಅಕ್ಕತಂಗಿಯರ ದನಿ ಫೋನಿನಲ್ಲಿ ಯಾವಾಗಲೂ ಒಂದೇ ಥರ ಕೇಳುತ್ತಿತ್ತು. "ಅವಳು ಹೋಗೋ ಹೊತ್ತಿಗೆ ಬಿಸಿಲು ವಾಪಸ್ ಹೊರಟಿತ್ತು. ಹೇಳಿ ರಾಮಮೂರ್ತಿ. ನನ್ನ ಅಳತೆ ಪಾಸಾ, ವಾಪಸ್ಸಾ?"

ರಾಮಮೂರ್ತಿಗಳು ಅಡುಗೆಮನೆಯ ಕುರ್ಚಿ ಎಳೆದು ಕೂತರು.

"ಪಾಸ್ ಅಕ್ಕ," ಎಂದರು. "ಪಾಸ್."