ಕಾಲು ತೊಳೆಯುವ ಹೊತ್ತು

“ಇದು ಇಂಟರ್ನೆಟ್ಟಿಂದು, ಯಜಮಾನ್ರೆ,” ಎಂದು ಕ್ಯಾಮೆರಾ ಹಾಕಲು ಬಂದಿದ್ದ ಲೋಕೇಶ್ ಬಿಳಿಯ ಕ್ಯಾಮೆರಾವನ್ನು ಬೆಲ್ಲದ ಅಚ್ಚುಮಣೆಯ ಮೇಲಿಟ್ಟ. “ನಿಮ್ ತಮ್ಮಾರು ಮಂಡ್ಯದ ಆಫೀಸ್ನಲ್ಲಿ ಕೂತ್ಕಂಡೇ ಇಡೀ ಆಲೆಮನೆ ನೋಡ್ಬೌದು. ಯಾರಾರ ಆಫ್ ಮಾಡುದ್ರೆ ಅವ್ರ ಫೋನಿಗೆ ಮೆಸೇಜು ಓಯ್ತದೆ.”

“ಇನ್ನೊಂದು?”

“ಅದು ವೈರಿಂದು, ಹಳೇ ತರದ್ದು. ಚಿತ್ರ ಎಲ್ಲ ಈ ಡಬ್ಬಿಲೇ ಇರ್ತದೆ. ನೋಡ್ಬೇಕಾದೋರು ಇಲ್ಗೇ ಬರ್ಬೇಕು.”

“ಪ್ಲಗ್ಗು ಕಿತ್ರೆ?”

“ಕಣ್ ಮುಚ್ಕತದೆ. ಯಾರ್ಗೂ ಗೊತ್ತಾಗಕಿಲ್ಲ.”

ನರಸಯ್ಯ ಎರಡನ್ನೂ ಹೋರಿಯ ಹಲ್ಲು ನೋಡುವವನಂತೆ ತಿರುಗಿಸಿ ನೋಡಿದ. ಪಾಲಹಳ್ಳಿಯ ಈ ಆಲೆಮನೆಯಲ್ಲಿ ಅರ್ಧ ಪಾಲು ತಮ್ಮ ನಾಗರಾಜುವಿನದು. ಅವನು ತಿಂಗಳಿಗೊಮ್ಮೆ ಬಂದು, ಬೆಲ್ಲ ಸೋರುತ್ತಿದೆ, ಕಳ್ಳ ಒಳಗೇ ಇದ್ದಾನೆ ಎಂದು ಹೇಳಿ ಹೋಗುತ್ತಿದ್ದ. ಕ್ಯಾಮೆರಾ ಹಾಕಿಸು ಎಂದವನೂ ಅವನೇ. ಸೋರುತ್ತಿದ್ದುದು ನಿಜ. ಎಲ್ಲಿಗೆ ಎಂಬುದೂ ನರಸಯ್ಯನಿಗೆ ಗೊತ್ತಿತ್ತು. ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕರಿಯಯ್ಯ ಸಂಜೆ ಹೊರಡುವಾಗ ಎರಡು ಅಚ್ಚು ಬೆಲ್ಲ ಟವೆಲ್ಲಿನಲ್ಲಿ ಕಟ್ಟಿಕೊಳ್ಳುತ್ತಿದ್ದ, ನರಸಯ್ಯನ ಅಪ್ಪನ ಕಾಲದಿಂದಲೂ. ಕೊಟ್ಟರೆ ದಾನ, ಕೇಳಿದರೆ ಭಿಕ್ಷೆ. ಎರಡೂ ಇಬ್ಬರಿಗೂ ಬೇಡವಾಗಿತ್ತು. ಹಾಗಾಗಿ ಕೊನೆಯ ಕೊಪ್ಪರಿಗೆ ಇಳಿದೊಡನೆ ಅಪ್ಪ ಕಾಲು ತೊಳೆಯಲು ನಾಲೆಗೆ ಹೋಗುತ್ತಿದ್ದ, ಕಾಲು ಕೊಳೆಯಾಗಿರದ ದಿನವೂ. ಅಪ್ಪನ ನಂತರ ನರಸಯ್ಯ. ಮನುಷ್ಯನಿಗಾದರೆ ತಿರುಗಿಸಲು ಒಂದು ಬೆನ್ನಿರುತ್ತದೆ. ಈ ಕ್ಯಾಮೆರಾಕ್ಕೆ ಬರೀ ಕಣ್ಣು.

“ವೈರಿಂದೇ ಆಕಪ್ಪ.”

ಫೋನಿನಲ್ಲಿ ನಾಗರಾಜು ಗೊಣಗಿದ. “ಅದು ಹಳೇ ಮಾಡ್ಲು ಕಣಣ್ಣ.”

“ನಾನೂ ಹಳೇ ಮಾಡ್ಲೇ ಕಣ್ಲಾ. ಓಡ್ತಾ ಇಲ್ವಾ?”

ಸಂಜೆ ಕೊನೆಯ ಕೊಪ್ಪರಿಗೆ ಇಳಿಯಿತು. ನರಸಯ್ಯ ನಾಲೆಗೆ ಹೋಗಿ ಬಂದಾಗ ಕರಿಯಯ್ಯ ಇನ್ನೂ ಅಲ್ಲೇ ನಿಂತಿದ್ದ. ಹೆಗಲ ಮೇಲಿನ ಟವೆಲ್ಲು ಬರಿದಾಗಿತ್ತು. ಅಚ್ಚುಗಳು ಒಂದೂ ಕದಲದೆ ಸಾಲಾಗಿ ಕೂತಿದ್ದವು. ತೊಲೆಯ ಮೇಲಿಂದ ಕ್ಯಾಮೆರಾದ ಕೆಂಪು ದೀಪ ಎಲ್ಲವನ್ನೂ ನೋಡುತ್ತಿತ್ತು.

“ಬತ್ತೀನಿ ನರಸಣ್ಣ,” ಎಂದ ಕರಿಯಯ್ಯ, ನೆಲ ನೋಡುತ್ತ.

“ತಡಿ ಕರಿಯಣ್ಣ.” ನರಸಯ್ಯ ಡಬ್ಬಿಯ ಪ್ಲಗ್ಗು ಕಿತ್ತ. ಕೆಂಪು ದೀಪ ಆರಿತು. “ಕರೆಂಟು ಓದಂಗದೆ. ಕಾಲೆಲ್ಲ ಕೆಸರು, ತೊಳ್ಕಂಡ್ ಬತ್ತೀನಿ.”

ಕರಿಯಯ್ಯ ಅವನ ಒದ್ದೆ ಪಾದಗಳನ್ನು ನೋಡಿದ. ಆಮೇಲೆ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು.

“ಊ ಕಣಣ್ಣ,” ಎಂದ. “ಈಚೀಚೆಗೆ ಕರೆಂಟು ಬಾಳ ಓಯ್ತದೆ.”

ನರಸಯ್ಯ ಮತ್ತೆ ನಾಲೆಗೆ ಇಳಿದ. ನೀರು ತಣ್ಣಗಿತ್ತು. ಬೆರಳುಗಳ ಸಂದುಗಳನ್ನು ಒಂದೊಂದಾಗಿ ತಿಕ್ಕುತ್ತ, ಆಲೆಮನೆಗೆ ಬೆನ್ನು ಹಾಕಿ, ಬಹಳ ಹೊತ್ತು ಕಾಲು ತೊಳೆದ.